ಬೆನ್ನು ನೋಡಬಾರದ ಕಲ್ಲು

ನಮ್ಮ ಜನರಲ್ಲಿ ಒಂದು ಕಟ್ಟು ಇದೆ. ಒಂದೇ ಕಲ್ಲಿಗೆ ಎಡೆ ಇಡುವ ಮನೆಗಳವರು ಅಣ್ಣತಮ್ಮಂದಿರು. ಅಂಥ ಮನೆಗಳ ನಡುವೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಕಲ್ಲು ಎಂದರೆ, ಯಾವುದೋ ಕಾಲದಲ್ಲಿ ಕುರಿಮಂದೆ ಕಾಯುತ್ತ ಹುಲಿಯ ಬಾಯಿಗೋ ಕಳ್ಳರ ಕೈಗೋ ಸಿಕ್ಕಿ ಸತ್ತ ಹಿರಿಯನ ರೂಪ ಕೆತ್ತಿ ನಿಲ್ಲಿಸಿದ ಕಲ್ಲು. ಯಾವ ಮನೆಯ ಹಿರಿಯ ಯಾವ ಕಲ್ಲಿನಲ್ಲಿದ್ದಾನೆ ಎಂಬುದನ್ನು ಎಲ್ಲೂ ಬರೆದಿಟ್ಟಿಲ್ಲ. ಅದು ಮುದುಕರ ಬಾಯಲ್ಲಿರುತ್ತದೆ. ಮುದುಕರಿಗೆ ಬೇಕಾದಾಗ ನೆನಪಾಗುತ್ತದೆ, ಬೇಡವಾದಾಗ ಮರೆಯುತ್ತದೆ.

ಇಸವಿ ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು. ನನ್ನ ಹಿರಿಮಗಳಿಗೆ ಹರಿಯಬ್ಬೆಯ ಕಡೆಯ ಒಂದು ಮನೆಯಿಂದ ಸಂಬಂಧ ಕೂಡಿಬಂತು. ನಾವಿದ್ದದ್ದು ಮತ್ತೋಡಿನ ಆಚೆ, ಗುಡ್ಡದ ಬುಡದ ಹಟ್ಟಿಯಲ್ಲಿ. ಹುಡುಗ ಆಗ ನೋಡಲು ಹೇಗಿದ್ದ ಎಂಬುದು ನನಗೆ ನೆನಪಿಲ್ಲ. ನಾನು ನೋಡಿದ್ದೇ ಬೇರೆ. ಅವರ ಬಾಗಿಲ ಮುಂದೆ ಸಿಹಿನೀರಿನ ಬಾವಿ ಇತ್ತು. ಕುರಿ ಹೊಡೆದುಕೊಂಡು ಆರು ತಿಂಗಳು ಊರೂರು ತಿರುಗುವುದನ್ನು ಬಿಟ್ಟು ಅವರು ಹೊಲ ಹಿಡಿದು ನೆಲೆ ನಿಂತಿದ್ದರು. ಮೇಲಾಗಿ ಆ ಮನೆಯಲ್ಲಿ ಅತ್ತೆ ಇರಲಿಲ್ಲ, ತೀರಿಕೊಂಡಿದ್ದಳು. ಇದನ್ನು ಬಾಯಿ ಬಿಟ್ಟು ಹೇಳಬಾರದು. ಆದರೆ ಹೆಣ್ಣು ಹೆತ್ತವಳು ಯಾವಳು ಇದನ್ನು ಮನಸ್ಸಿನಲ್ಲಿ ಅಂದುಕೊಳ್ಳುವುದಿಲ್ಲವೋ ಬಂದು ನನ್ನೆದುರು ಹೇಳಲಿ.

ಈ ಮಗಳನ್ನು ನಾನು ಹೆತ್ತದ್ದು ಬಾಗೂರಿನ ಹತ್ತಿರ ಯಾರದೋ ಹೊಲದ ಬದುವಿನಲ್ಲಿ, ಮಂದೆಯ ಮಗ್ಗುಲಲ್ಲಿ. ಮೂರನೆಯ ದಿನ ಕೂಸನ್ನು ಜೋಳಿಗೆಗೆ ಹಾಕಿಕೊಂಡು ಕುರಿಗಳ ಹಿಂದೆ ನಡೆದೆ. ಅವಳಿಗೆ ಆ ಬಾಳು ಬೇಡ ಎಂದು ನಾನು ಅವತ್ತೇ ತೀರ್ಮಾನ ಮಾಡಿದ್ದೆ. ಅವಳೂ ಎರಡು ಸಂಬಂಧ ಬೇಡವೆಂದು ತಲೆಯಾಡಿಸಿ, ಮೂರನೆಯದಕ್ಕೆ ಹೂಂ ಅಂದಿದ್ದಳು. ಆ ಹೂಂ ಹೊರಡಿಸುವುದಕ್ಕೆ ನನ್ನ ನಾಲಿಗೆ ಎಷ್ಟು ಒಣಗಿತ್ತೋ ನನಗೇ ಗೊತ್ತು.

ವೀಳ್ಯದ ದಿನ ಹಟ್ಟಿಯ ಯಜಮಾನ ಬಂದ. ವಯಸ್ಸಾದವನು, ನಮ್ಮ ಕಟ್ಟುಕಟ್ಟಳೆಗೆಲ್ಲ ಅವನ ಮಾತೇ ಕೊನೆ. ಹೋಳಿಗೆ ತಿಂದ. ಇನ್ನೊಂದು ಹಾಕಿಸಿಕೊಂಡ. ಕೈ ತೊಳೆದು, ಎಲೆ ಮಡಿಸಿ ಬಾಯಿಗಿಟ್ಟುಕೊಂಡ ಮೇಲೆ ಅವನಿಗೆ ನೆನಪಾಯಿತು.

“ಏನ್ರಪ್ಪ, ನಾವು ಹೋಗಾದೂ ದೇವರಕಾಡಿನ ಬೇಲಿಗೆ, ಇವ್ರು ಬರಾದೂ ಅದೇ ಬೇಲಿಗೆ. ಒಳಗಿರೋ ಹಿರಿಯ ಒಬ್ನಾ, ಇಬ್ರಾ?”

“ತಿನ್ನಾಕ್ ಮುಂಚೆ ನೆನಪಾಗ್ಲಿಲ್ವಾ ಇದು?” ಎಂದು ನಾನು ಅಡಿಗೆಮನೆಯಿಂದ ಕೇಳಿದೆ.

“ಒಳಗಿರೋ ಹೆಂಗ್ಸರು ಒಳಗಿರ್ರಿ.”

ಆ ಬೇಲಿಯ ವಿಷಯ ಹೇಳಬೇಕು. ನಮ್ಮ ಹಟ್ಟಿಯ ಮೇಲೆ, ಹಿರಿಯೂರು ದಿಕ್ಕಿಗೆ ಗುಡ್ಡ ಏರಿದರೆ ದೇವರಕಾಡು. ಅಲ್ಲಿ ಕೊಡಲಿ ಆಡಿಸುವ ಹಾಗಿಲ್ಲ. ಕಮರ, ತುಗ್ಗಲಿ, ಹೊನ್ನೆ ಮರಗಳು ಮುದಿಯಾಗಿ ತಾವೇ ಬಿದ್ದು ಸಾಯುತ್ತವೆ. ನಡುಕಾಡಿನಲ್ಲಿ ಕಾರೆಮುಳ್ಳಿನ ಒಂದು ಎತ್ತರದ ಬೇಲಿ. ಅದಕ್ಕೆ ಪಡುವಣಕ್ಕೊಂದು ಗಂಡಿ, ಮೂಡಣಕ್ಕೊಂದು ಗಂಡಿ. ನಾವು ಪಡುವಣದ ಗಂಡಿಯವರು. ಅಲ್ಲಿ ನಿಂತರೆ ಈಟಿಯಿಂದ ಹುಲಿಯನ್ನು ತಿವಿಯುವ ಗಂಡಸಿನ ರೂಪ ಕಾಣುತ್ತದೆ. ಹರಿಯಬ್ಬೆಯ ಕಡೆಯವರು ಆಚೆಯಿಂದ ಗುಡ್ಡ ಹತ್ತಿ ಮೂಡಣದ ಗಂಡಿಗೆ ಬರುತ್ತಾರೆ. ಅವರಿಗೆ ಕಾಣುವವನು ಬಿಲ್ಲು ಹಿಡಿದವನು. ನಮ್ಮ ಪೂಜೆ ಸೋಮವಾರ, ಅವರದು ಶುಕ್ರವಾರ. ಎರಡು ಮುಖಗಳ ಎರಡೂ ಮಗ್ಗುಲಿಗೆ ಹುತ್ತ ಬೆಳೆದು ಮುಚ್ಚಿಕೊಂಡಿದೆ, ನೆತ್ತಿಯ ಮೇಲೆ ಒಣಸೊಪ್ಪು ಕವಿದಿದೆ. ಹುತ್ತ ಕೆಡವಬಾರದು. ದೇವರ ತಲೆಯ ಮೇಲೆ ಬಗ್ಗಿ ನೋಡಬಾರದು. ದೇವರ ಬೆನ್ನು ನೋಡಬಾರದು. ಆದ್ದರಿಂದ ಅದು ಎರಡು ಕಡೆ ಕೆತ್ತಿದ ಒಂದು ಕಲ್ಲೋ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಕಲ್ಲೋ ಎಂಬುದನ್ನು ಹುಟ್ಟಿದವರು ಯಾರೂ ನೋಡಿರಲಿಲ್ಲ. ನೋಡುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ, ನನ್ನ ಮಗಳ ವೀಳ್ಯದ ತಟ್ಟೆ ನಡುಮನೆಗೆ ಬರುವವರೆಗೆ.

ಹುಡುಗನ ಅಪ್ಪ ಸಾಧು ಮನುಷ್ಯ. ಜೋರಾಗಿ ಮಾತಾಡಿದವನಲ್ಲ. ಆದರೆ ಎದ್ದು ನಿಂತು ಒಂದು ಮಾತು ಹೇಳಿದ: “ಧರ್ಮಪುರದ ಕಡೆಯಿಂದ್ಲೂ ಹೆಣ್ಣು ಕೇಳಿದಾರೆ. ಶುಕ್ರವಾರ ಅವ್ರಿಗೆ ಮಾತು ಹೇಳ್ಬೇಕು. ಅಷ್ಟ್ರೊಳಗೆ ನೋಡಿಬಿಡಾಣ. ಒಂದೇ ಕಲ್ಲಾದ್ರೆ ಹುಡುಗಿ ನನಗೂ ಮಗಳಿದ್ದಂಗೆ, ನಮಸ್ಕಾರ ಹೇಳಿ ಹೋಗ್ತೀನಿ.”

ಬುಧವಾರ ಕಾಡಿಗೆ ಹೋಗುವುದೆಂದಾಯಿತು. ಯಜಮಾನ, ನನ್ನ ಗಂಡ, ಹುಡುಗನ ಅಪ್ಪ. ಇವರ ಜೊತೆಗೆ ನನ್ನ ಗಂಡ ಒಬ್ಬ ಮೇಷ್ಟ್ರನ್ನು ಕರೆಸಿದ. ಹೊಸದುರ್ಗದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವವರು. ಚಿತ್ರದುರ್ಗದ ಹಳೆಯ ಸಾಬರ ಮನೆತನ, ಅವರ ಅಪ್ಪ ವರ್ಷವರ್ಷವೂ ನಮ್ಮ ಹಟ್ಟಿಗೆ ಬಂದು ಉಣ್ಣೆ ಕೊಳ್ಳುತ್ತಿದ್ದವರು. ಮೇಷ್ಟ್ರಿಗೆ ಹಳೆಗಾಲದ ಕಲ್ಲುಗಳ ಹುಚ್ಚು. ಕಲ್ಲಿನ ಮೇಲೆ ಅಕ್ಷರವಿದ್ದರೆ ಓದಿ ಹೇಳುತ್ತಾರೆ, ಒಬ್ಬನೋ ಇಬ್ಬರೋ ಗೊತ್ತಾಗುತ್ತದೆ ಎಂಬುದು ನನ್ನ ಗಂಡನ ಲೆಕ್ಕ. ಅವನು ಜೀವಮಾನದಲ್ಲಿ ಹಾಕಿದ ಲೆಕ್ಕಗಳಲ್ಲಿ ಇದು ಪರವಾಗಿಲ್ಲ ಅನ್ನುವಂಥದ್ದು.

ನನ್ನನ್ನೂ ಹೊರಡಿಸಿದರು. ದಾರಿ ತೋರಿಸುವುದಕ್ಕೆ ಎಂದುಕೊಳ್ಳಬೇಡಿ. ನಾನು ಹುಟ್ಟಿದ ಹಟ್ಟಿ ಅದೇ ಗುಡ್ಡದ ಇನ್ನೊಂದು ಬುಡದಲ್ಲಿ, ಲಂಗ ಉಡುವ ಕಾಲದಿಂದ ಕುರಿಮರಿ ಮೇಯಿಸಿದ ಕಾಡು ಅದು. ಅಲ್ಲಿಯ ಒಂದೊಂದು ಬಂಡೆಯೂ ನನಗೆ ಗೊತ್ತು. ಅದನ್ನು ಯಾರೂ ಕೇಳಲಿಲ್ಲ. ನಾಲ್ಕು ಗಂಡಸರಿಗೆ ರೊಟ್ಟಿ, ನೀರು ಹೊರುವವರು ಬೇಕಿತ್ತು. ಮನೆಯ ಕೊಡ ಸೋರುತ್ತಿತ್ತು. ಮಗಳ ಮದುವೆಗೆಂದು ತಂದಿಟ್ಟಿದ್ದ ಹೊಸ ಹಿತ್ತಾಳೆ ಬಿಂದಿಗೆಯನ್ನೇ ತುಂಬಿಕೊಂಡೆ.

“ತಗ್ಗು ಬೀಳಿಸ್ಕಂಡು ಬಂದ್ರೆ ನೋಡು ಮತ್ತೆ” ಎಂದಳು ಮಗಳು. ಅವಳಿಗೆ ಅವತ್ತು ನನ್ನ ಕಾಲಿಗಿಂತ ಬಿಂದಿಗೆಯದೇ ಚಿಂತೆ.

ತಂಪಿನಲ್ಲೇ ಹೊರಡಬೇಕೆಂದು ನಾನು ಹಿಂದಿನ ದಿನವೇ ಹೇಳಿದ್ದೆ. ಹುಡುಗನ ಅಪ್ಪ ಸಂಜೆಯ ಬಸ್ಸಿಗೆ ಮತ್ತೋಡಿನಲ್ಲಿರಬೇಕಿತ್ತು. ಯಜಮಾನನ ಎಲೆಅಡಿಕೆ ಚೀಲ ಸಿಗಲಿಲ್ಲ. ಅದು ಅವನ ಸೊಂಟದಲ್ಲೇ ಇತ್ತು. ಮೇಷ್ಟ್ರು ಕ್ಯಾಮೆರಾದ ಪಟ್ಟಿ ಕಟ್ಟಿಕೊಂಡರು, ಬಿಚ್ಚಿದರು, ಕಟ್ಟಿಕೊಂಡರು. ಹಟ್ಟಿ ಬಿಟ್ಟಾಗ ಬಿಸಿಲು ಬೆನ್ನಿಗೆ ಚುರುಗುಡುತ್ತಿತ್ತು.

ಕಾಡಿನ ಬಾಯಲ್ಲಿ ಸೊಪ್ಪಿನ ಗುಡ್ಡೆ ಇದೆ. ಒಳಗೆ ಹೋಗುವವರು ಒಂದೊಂದು ಹಿಡಿ ಬಂದ್ರಿ ಸೊಪ್ಪು ಮುರಿದು ಅದರ ಮೇಲೆ ಹಾಕಿ ಹೋಗಬೇಕು. ಹಾಕಿದರಾಯಿತು, ಒಂದು ಚಿಟಿಕೆ ಹೊಡೆಯುವಷ್ಟು ಕೆಲಸ. ಮೇಷ್ಟ್ರು ಯಾಕೆ ಹಾಕುತ್ತೀರಿ ಎಂದು ಕೇಳಿಬಿಟ್ಟರು. ಯಜಮಾನ ಕೂತುಕೊಂಡ.

“ಕುಂತ್ಕಳ್ರಿ ಮೇಷ್ಟ್ರೇ, ಹೇಳ್ತೀನಿ.”

ಮೊದಲು ಅದು ಬಾಣಂತಿಯ ಗೋರಿ ಎಂದ. ಆಮೇಲೆ ಕಳ್ಳನ ಗೋರಿ ಎಂದ. ಕೊನೆಗೆ, ಸೊಪ್ಪು ಹಾಕಿದರೆ ಕಾಲುನೋವು ಬರುವುದಿಲ್ಲ ಎಂದ. ಮೇಷ್ಟ್ರು ಮೂರನ್ನೂ ಪುಸ್ತಕದಲ್ಲಿ ಬರೆದುಕೊಂಡರು.

“ಈ ಯಜಮಾನ್ರು ಹೋದ ವರ್ಷ ಇಲ್ಲಿಂದ ವಾಪಸ್ ಹೋಗಿ ಎಂಟು ದಿನ ಕಾಲು ನೀವಿಸ್ಕಂಡಿದ್ದನ್ನೂ ಬರ್ಕಳ್ರಿ” ಎಂದೆ. ಹುಡುಗನ ಅಪ್ಪ ಟವೆಲ್ಲು ಬಾಯಿಗಿಟ್ಟುಕೊಂಡು ನಕ್ಕ. ಯಜಮಾನ ಮುಂದಿನ ಅರ್ಧ ಹರದಾರಿ ನನ್ನ ಮುಖ ನೋಡಲಿಲ್ಲ. ಅದೊಂದೇ ಅವತ್ತು ನನಗೆ ಸಿಕ್ಕ ಸಮಾಧಾನ.

ಅಲ್ಲಿಂದ ಮುಂದೆ ದಾರಿಗೆ ಚಪ್ಪಡಿ ಹಾಸಿದೆ. ಸವೆದ ಕಲ್ಲುಗಳು, ನಡುವೆ ಹುಲ್ಲು. ಇದು ದುರ್ಗದ ಪಾಳೆಯಗಾರರ ಕಾಲದ ದಾರಿ ಇರಬೇಕು, ಕುದುರೆ ಓಡಾಡಿದ ದಾರಿ ಎಂದು ಮೇಷ್ಟ್ರು ಹಿಗ್ಗಿದರು. ಒಂದು ಚಪ್ಪಡಿಯ ಮೇಲೆ ಮಂಡಿಯೂರಿ ಕೈಯಾಡಿಸಿದರು. ನಾನು ನಲವತ್ತು ವರ್ಷ ಅದರ ಮೇಲೆ ನಡೆದಿದ್ದೇನೆ, ಎಡವಿ ಉಗುರು ಕಿತ್ತುಕೊಂಡಿದ್ದೇನೆ. ಯಾವ ಕುದುರೆಯೂ ನೆನಪಾಗಿರಲಿಲ್ಲ. ಇರಲಿ, ಅವರಿಗೆ ಸಂತೋಷವಾಯಿತಲ್ಲ ಎಂದುಕೊಂಡೆ. ಆದರೆ ದಾರಿಯ ಪಕ್ಕದಲ್ಲಿ ಹಳೆಯ ಕಲ್ಲುಗಳಿದ್ದವು. ಮೊದಲನೆಯದು ಕಂಡದ್ದೇ ತಡ:

“ಅಮ್ಮಾ, ಜರಾ ನೀರು ಕೊಡ್ತೀರಾ? ತೊಳೆದ್ರೆ ಚೆನ್ನಾಗಿ ಕಾಣ್ಸುತ್ತೆ. ಫೋಟೊಗೆ.”

ಕೊಟ್ಟೆ. ಎರಡು ಚೊಂಬು ಸುರಿದು ಉಜ್ಜಿದರು. ಕುದುರೆ ಮೇಲೆ ಕೂತ ಗಂಡಸು ಕಂಡ. ಎಲ್ಲರೂ ಆಹಾ ಅಂದರು. ಎರಡನೆಯದಕ್ಕೆ ಮೂರು ಚೊಂಬು. ಅದರಲ್ಲಿ ಕೈಯೆತ್ತಿ ನಿಂತ ಹೆಂಗಸು, ಗಂಡನ ಜೊತೆ ಬೆಂಕಿಗೆ ಹೋದವಳಂತೆ. ಅವಳ ಕೈಯ ಬಳೆಗಳನ್ನು ಎಣಿಸಿ ಬರೆದುಕೊಂಡರು.

“ಮೇಷ್ಟ್ರೇ, ಇದು ಕುಡಿಯಾಕೆ ತಂದಿರೋ ನೀರು” ಎಂದೆ.

“ಇದೊಂದೇ ಅಮ್ಮಾ. ಬಿಲ್ಕುಲ್ ಇದೇ ಕೊನೆ.”

ಮೂರನೆಯದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೊಳೆದರು. ಗುಂಡಗಿನ ಕಲ್ಲು, ನಡುವೆ ಕುಳಿ. ನನ್ನ ಗಂಡನೂ ಹುಡುಗನ ಅಪ್ಪನೂ ಬಗ್ಗಿ ಸೊಪ್ಪಿನಿಂದ ಉಜ್ಜಿದರು. ಯಾವ ದೇವಸ್ಥಾನದ್ದೋ, ಯಾವ ರಾಜನದ್ದೋ ಎಂದು ಅವರವರಲ್ಲೇ ಮಾತು ನಡೆಯಿತು. ನಾನು ಬಿಂದಿಗೆ ಕೆಳಗಿಟ್ಟು ಹೇಳಿದೆ: “ಅದು ಗಾಣದ ಕಲ್ಲು. ನಮ್ಮಜ್ಜಿ ಕಾಲದಾಗೆ ಇಲ್ಲಿ ಹಿಪ್ಪೆ ಎಣ್ಣೆ ತೆಗೀತಿದ್ರು.”

“ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?” ಎಂದ ನನ್ನ ಗಂಡ.

“ಕೇಳಿದ್ರಾ?”

ಕವಲುದಾರಿಯಲ್ಲಿಯೂ ಹೀಗೇ ಆಯಿತು. ಯಜಮಾನ ಎಡಕ್ಕೆ ಎಂದ. ವರ್ಷಕ್ಕೊಂದು ದಿನ ಜನರ ಹಿಂದೆ ಬರುವವನು ಅವನು, ಮುಂದೆ ನಡೆದವನಲ್ಲ. ಬಲಕ್ಕೆ ಎಂದೆ ನಾನು. “ಸುಮ್ಕೆ ಬಾರಮ್ಮ” ಎಂದ. ಸುಮ್ಮನೆ ಹೋದೆ. ಎಡದ ದಾರಿ ಒಂದು ಕೊರಕಲಿನ ಅಂಚಿಗೆ ಹೋಗಿ ನಿಂತಿತು. ನಾಲ್ವರೂ ಕೊರಕಲನ್ನೇ ನೋಡುತ್ತ, ಅದು ಹೋದ ಮಳೆಗಾಲದಲ್ಲಿ ಹೊಸದಾಗಿ ಬಿದ್ದದ್ದಿರಬೇಕು ಎಂದು ಒಪ್ಪಿಕೊಂಡರು. ನಾನು ಏಳು ವರ್ಷದವಳಿದ್ದಾಗಲೇ ಅದರೊಳಗೆ ಒಂದು ಮರಿ ಬಿದ್ದು ಸತ್ತಿತ್ತು. ಅಲ್ಲೇ ನೆರಳು ನೋಡಿ ಕೂತು ರೊಟ್ಟಿ ಚಟ್ನಿಪುಡಿ ತಿಂದು, ಉಳಿದ ನೀರನ್ನೂ ಕುಡಿದರು.

ವಾಪಸ್ಸು ಬಂದು ಬಲದ ದಾರಿ ಹಿಡಿದು ಬೇಲಿ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಜಾರಿತ್ತು. ಹೆಂಗಸರಿಗೆ ಬೇಲಿಯಿಂದ ಇಪ್ಪತ್ತು ಮಾರು ದೂರದಲ್ಲಿ ಒಂದು ಸಾಲುಗಲ್ಲು ಇದೆ, ಅದನ್ನು ದಾಟುವ ಹಾಗಿಲ್ಲ. ನಾನು ಖಾಲಿ ಬಿಂದಿಗೆ ಹಿಡಿದು ಸಾಲುಗಲ್ಲಿನ ಈಚೆ ಒಂದು ಕಮರದ ಮರಕ್ಕೆ ಒರಗಿ ನಿಂತೆ. ಅಲ್ಲಿಂದ ಗಂಡಿಯೊಳಗಿನ ಮುಖ ಕಾಣುತ್ತದೆ, ಮಾತೂ ಕೇಳುತ್ತದೆ.

ಮೇಷ್ಟ್ರು ಚಪ್ಪಲಿ ಕಳಚಿ, ಗಂಡಿಯಲ್ಲಿ ನಿಂತು, ಕತ್ತು ಉದ್ದ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಹಿಂದೆ ಸರಿದರು.

“ಅಕ್ಷರ ಇದ್ರೂ ಇರಬೋದು. ಎಣ್ಣೆ, ಬೂದಿ, ಕುಂಕುಮ ಎಲ್ಲಾ ಸೇರಿ ಗೇಣುದಪ್ಪ ಕೂತಿದೆ. ಏನೂ ಕಾಣಲ್ಲ. ತೊಳೆದ್ರೆ...”

“ಹಿರಿಯರ ಮೈಮೇಲಿನ ಎಣ್ಣೆ ತೊಳಿಯಾಕೆ ನೀವ್ಯಾರ್ರೀ?” ಎಂದ ಯಜಮಾನ.

ಬೆಳಗಿನಿಂದ ಬೇಕಿಲ್ಲದ ಕಲ್ಲುಗಳನ್ನೆಲ್ಲ ತೊಳೆದಾಯಿತು. ಬೇಕಾದ ಕಲ್ಲನ್ನು ತೊಳೆಯುವಂತಿಲ್ಲ. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಇನ್ನು ಉಳಿದದ್ದು ಒಂದೇ, ಯಾರಾದರೂ ಒಬ್ಬರು ಬೇಲಿಯೊಳಗೆ ಹೊಕ್ಕು ಹಿಂಭಾಗ ನೋಡುವುದು.

“ಯಜಮಾನ್ರು ನೀವು. ನೀವೇ ನೋಡ್ರಿ” ಎಂದ ನನ್ನ ಗಂಡ.

“ನನಗೆ ಮೊಮ್ಮಕ್ಕಳವೆ ಕಣಪ್ಪ.”

“ನನಗಿರೋನು ಒಬ್ನೇ ಮಗ” ಎಂದ ಹುಡುಗನ ಅಪ್ಪ.

ನನ್ನ ಗಂಡ ಮೇಷ್ಟ್ರ ಕಡೆ ತಿರುಗಿದ. “ನಿಮ್ಮ ದೇವ್ರಲ್ಲವಲ್ಲ ಮೇಷ್ಟ್ರೇ. ನಿಮಗೇನೂ ಆಗಲ್ಲ.”

“ಬೇಡ್ರಪ್ಪ. ನಾಳೆ ನಿಮ್ಮ ಹಟ್ಟೀಲಿ ಒಂದು ಟಗರು ಕೆಮ್ಮಿದ್ರೂ ಸಾಬ್ರು ನೋಡಿದ್ದಕ್ಕೆ ಅಂತೀರಿ. ನಮ್ಮಪ್ಪ ನಿಮ್ಮ ಉಣ್ಣೆ ತಗೊಳೋದು ತಪ್ಪಿಹೋಗುತ್ತೆ.”

ಎಲ್ಲರೂ ನಕ್ಕರು. ಮೇಷ್ಟ್ರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಮಾತ್ರ ನಗು ಬರಲಿಲ್ಲ. ನೆರಳು ಉದ್ದವಾಗುತ್ತಿತ್ತು. ಈ ನಾಲ್ವರು ಹೀಗೇ ನಗಾಡಿಕೊಂಡು ಗುಡ್ಡ ಇಳಿಯುತ್ತಾರೆ, ಹುಡುಗನ ಅಪ್ಪ ಬಸ್ಸು ಹತ್ತುತ್ತಾನೆ, ಶುಕ್ರವಾರ ಧರ್ಮಪುರದವರಿಗೆ ಮಾತು ಕೊಡುತ್ತಾನೆ, ನನ್ನ ಮಗಳು ಜೋಳಿಗೆ ಹೊತ್ತು ಯಾರದೋ ಮಂದೆಯ ಹಿಂದೆ ನಡೆಯುತ್ತಾಳೆ. ಅದು ನನ್ನ ಕಣ್ಣಿಗೆ ಕಟ್ಟಿತು.

“ನಾನು ನೋಡ್ತೀನಿ ಬಿಡ್ರಿ” ಎಂದೆ. “ಮಕ್ಳೂ ಅವೆ, ಮುಂದೆ ಮೊಮ್ಮಕ್ಕಳೂ ಆಗ್ತವೆ. ಏನಾಗ್ತೈತೋ ನನಗೇ ಆಗ್ಲಿ.”

ಯಜಮಾನ ಎದ್ದು ನಿಂತ. “ಸಾಲುಗಲ್ಲು ದಾಟಿ ಒಂದು ಹೆಜ್ಜೆ ಇಟ್ರೆ ಮದುವೆ ಮಾತು ಇಲ್ಲಿಗೇ ಬಿತ್ತು. ತಿಳ್ಕ.”

ಹೆಜ್ಜೆ ಇಡಬಹುದಾದವರು ಇಡುವುದಿಲ್ಲ. ಇಡುತ್ತೇನೆ ಎಂದವಳಿಗೆ ಇಡುವ ಹಾಗಿಲ್ಲ. ನಾನು ಬಿಂದಿಗೆಯ ಕಂಠ ಹಿಸುಕುತ್ತ ನಿಂತೆ.

ಆಗ ನನಗೆ ನಮ್ಮ ಬಚ್ಚಲು ನೆನಪಾಯಿತು. ನಗಬೇಡಿ. ನಮ್ಮ ಬಚ್ಚಲಿಗೆ ಎರಡು ಚಪ್ಪಡಿ ಹಾಸಿದ್ದೆವು. ನಡುವಿನ ಸಂದಿಗೆ ಗಾರೆ ಮೆತ್ತು ಎಂದು ಗಂಡನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೆ, ಮೆತ್ತಿರಲಿಲ್ಲ. ಎಷ್ಟು ನೀರು ಸುರಿದರೂ ಅದು ಮೋರಿಯ ಕಡೆ ಹೋಗದೆ ಸಂದಿಯಲ್ಲಿ ಇಂಗಿಹೋಗುತ್ತಿತ್ತು. ಒಂದೇ ಚಪ್ಪಡಿ ಹಾಸಿದ್ದ ಪಕ್ಕದ ಮನೆಯವರ ಬಚ್ಚಲಲ್ಲಿ ನೀರು ಸರಸರ ಹರಿದುಹೋಗುತ್ತಿತ್ತು.

“ದೇವ್ರ ತಲೆ ಮ್ಯಾಲೆ ನೀರು ಹುಯ್ಯಬೋದಾ?” ಎಂದು ಕೂಗಿ ಕೇಳಿದೆ.

“ಹುಯ್ಯಬೋದು. ಅದಕ್ಕೇನು. ನಾವು ಚೊಂಬಿನಾಗೆ ಮೋರೆಗೆ ಎರಚ್ತೀವಿ. ತಲೆಗೂ ಹುಯ್ಯಬೋದು” ಎಂದ ಯಜಮಾನ.

“ಹಂಗಾದ್ರೆ ಈ ಕಡೆ ಗಂಡಿಯಾಗೆ ಒಬ್ರು ನಿಂತ್ಕಳ್ರಿ, ಆ ಕಡೆ ಗಂಡಿಯಾಗೆ ಒಬ್ರು. ನೆತ್ತಿ ನಡುವಿಗೆ ಒಂದು ಬಿಂದಿಗೆ ಹುಯ್ರಿ. ಒಂದೇ ಕಲ್ಲಾದ್ರೆ ನೀರು ಎರಡು ಮೋರೆಗೂ ಇಳೀತೈತೆ. ಎರಡು ಕಲ್ಲಾದ್ರೆ ನಡುವೆ ಇಂಗಿ ಹೋಗ್ತೈತೆ. ಯಾರೂ ಬೆನ್ನು ನೋಡಬ್ಯಾಡ್ರಿ.”

“ವಾಹ್” ಎಂದರು ಮೇಷ್ಟ್ರು. ಯಜಮಾನ ತಪ್ಪು ಹುಡುಕಿ ಹುಡುಕಿ ಕೊನೆಗೆ, “ಹುಯ್ರಿ ನೋಡಾಣ” ಎಂದ. ನನ್ನ ಗಂಡ ಬಂದು ಬಿಂದಿಗೆ ಇಸಿದುಕೊಂಡು ಬಗ್ಗಿಸಿದ. ಮೂರು ಹನಿ ಬಿದ್ದವು.

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಲ್ಲು ತೊಳೆದ ತಮ್ಮ ಕೈಗಳನ್ನು ನೋಡಿಕೊಂಡರು.

ನೀರು ಸಿಗುವುದು ಕೆಳಗಿನ ದೊಣೆಯಲ್ಲಿ, ಬಂಡೆಯ ಕುಳಿಯೊ‌ಳಗೆ ಮಳೆನೀರು ನಿಲ್ಲುವ ಜಾಗ. ಅಲ್ಲಿಗೆ ದಾರಿ ಗೊತ್ತಿದ್ದವಳು ನಾನೊಬ್ಬಳೇ. ಈಗ ನನ್ನನ್ನು ಕೇಳಿದರು. ಮೇಷ್ಟ್ರು ಜೊತೆಗೆ ಬರುತ್ತೇನೆಂದು ಎದ್ದರು. ಬೇಡ, ನೀವು ಬಂದರೆ ದಾರಿಯಲ್ಲಿ ಇನ್ನೊಂದು ಕಲ್ಲು ಸಿಗುತ್ತದೆ ಎಂದು ಕೂರಿಸಿದೆ. ಇಳಿದೆ. ತಳದಲ್ಲಿದ್ದ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ಬಿಂದಿಗೆ ತುಂಬಿದೆ. ಹತ್ತುವಾಗ ಕಾಲು ಜಾರಿ ಬಿಂದಿಗೆ ಬಂಡೆಗೆ ಬಡಿಯಿತು. ನನ್ನ ಮಂಡಿಯೂ ಬಡಿಯಿತು. ಅರ್ಧ ನೀರು ಚೆಲ್ಲಿತು. ಮತ್ತೆ ಇಳಿದು ತುಂಬಿಕೊಂಡು ಬಂದೆ. ಬರುವ ಹೊತ್ತಿಗೆ ಯಜಮಾನ ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿದ್ದ.

“ಎದ್ದೇಳ್ರಿ” ಎಂದೆ. “ಬಸ್ಸು ಕಾಯಲ್ಲ.”

ಹುಡುಗನ ಅಪ್ಪ ಮುಳ್ಳು ಬಳಸಿಕೊಂಡು ಮೂಡಣದ ಗಂಡಿಗೆ ಹೋದ. ನನ್ನ ಗಂಡ ಬಿಂದಿಗೆ ಹಿಡಿದು ನಮ್ಮ ಗಂಡಿಯೊಳಗೆ ಹೋದ. ಯಜಮಾನ ಅವನ ಪಕ್ಕದಲ್ಲಿ. ಗಂಡ ಕೈ ಚಾಚದೆ ಬಿಂದಿಗೆಯನ್ನು ಎದೆಗವಚಿಕೊಂಡೇ ಬಗ್ಗಿಸಿದ. ಅವನು ತಲೆಗೆ ಸುರಿಯದೆ ಹಣೆಗೆ ಸುರಿದ. ನೀರು ಈಟಿ ಹಿಡಿದವನ ಮುಖದ ಮೇಲೆ ದಳದಳ ಇಳಿಯಿತು.

“ಇಳೀತು! ಇಳೀತು ಕಣ್ರೋ! ಒಂದೇ ಕಲ್ಲು!” ಎಂದ ಯಜಮಾನ.

“ಈ ಕಡೆ ಒಂದು ಹನೀನೂ ಬಂದಿಲ್ಲ!” ಎಂದು ಆಚೆಯಿಂದ ಹುಡುಗನ ಅಪ್ಪ ಕೂಗಿದ.

ನನಗೆ ತಡೆಯಲಾಗಲಿಲ್ಲ. “ಏನ್ರೀ, ಕುರಿಗೆ ಔಷಧಿ ಕುಡಿಸೋ ಹಂಗೆ ಮೂತಿಗೆ ಹುಯ್ತೀರಲ್ಲ! ನೆತ್ತಿಗೆ ಹುಯ್ರೀ, ನೆತ್ತಿಗೆ! ಕೈ ಚಾಚ್ರಿ!”

ದೇವರ ಮುಂದೆ ಹೆಂಗಸು ಗಂಡನಿಗೆ ಹಾಗೆ ಕಿರುಚಿದ್ದು ಅದೇ ಮೊದಲಿರಬೇಕು. ಗಂಡ ಹೆದರಿ ಕಣ್ಣು ಮುಚ್ಚಿಕೊಂಡು, ಎರಡು ತೋಳೂ ಚಾಚಿ, ಒಣಸೊಪ್ಪಿನ ಮೇಲೆ ಬಿಂದಿಗೆ ಬಗ್ಗಿಸಿದ. ಗೊಳಗೊಳ ಎಂದು ಸದ್ದಾಯಿತು. ನೀರು ಸುರಿಯುತ್ತಲೇ ಇತ್ತು. ಈ ಮುಖಕ್ಕೆ ಇಳಿಯಲಿಲ್ಲ. ಆ ಮುಖಕ್ಕೂ ಇಳಿಯಲಿಲ್ಲ. ಬಿಂದಿಗೆ ಖಾಲಿಯಾಯಿತು. ಎಲ್ಲಿ ಹೋಯಿತು ನೀರು? ಸಂದಿಗೆ. ನಮ್ಮ ಬಚ್ಚಲಿನ ಹಾಗೆ. ಎರಡು ಕಲ್ಲು. ನನ್ನ ಎದೆ ಹಗುರಾಯಿತು.

ಯಜಮಾನ ಧೊಪ್ಪನೆ ನೆಲಕ್ಕೆ ಬಿದ್ದ.

“ಕುಡುದ್ನಲ್ಲೋ! ಹಿರಿಯ ಕುಡುದ! ಒಂದು ಬಿಂದಿಗೆ ನೀರು ಕುಡುದ್ನಲ್ಲೋ!”

ನನ್ನ ಗಂಡನೂ ಅಡ್ಡಬಿದ್ದ. ಬಿಂದಿಗೆ ಉರುಳಿತು. ಹುಡುಗನ ಅಪ್ಪ ಬೇಲಿ ಬಳಸಿ ಓಡಿಬಂದ. ಅವನ ತೋಳಿಗೆಲ್ಲ ಮುಳ್ಳು ಗೀರಿತ್ತು, ಕಣ್ಣಲ್ಲಿ ನೀರಿತ್ತು.

“ಎರಡು ಕಲ್ಲು!” ಎಂದೆ. “ನಡುವೆ ಸಂದಿ ಐತೆ. ನೀರು ಅಲ್ಲಿಗೆ...”

“ಬಾಯ್ಮುಚ್ಚಮ್ಮ” ಎಂದ ಯಜಮಾನ. ಹಣೆಗೆ ಮಣ್ಣು ಮೆತ್ತಿಕೊಂಡು ಎದ್ದಿದ್ದ. “ಎರಡು ಮನೆಯೋರು ಎದುರಿಗೆ ನಿಂತಾಗ ಕುಡುದವ್ನೆ ಅಂದ್ರೆ ಒಪ್ಪಿಗೆ ಕೊಟ್ಟ ಅಂತ. ಇನ್ನು ಒಂದೋ ಎರಡೋ ಅಂತ ಕೇಳೋದೇ ಅಪಚಾರ. ಮದುವೆ ಮಾಡ್ಕಳ್ರಿ.”

ನಾವು ಬಂದದ್ದು ಯಾವ ಪ್ರಶ್ನೆಗೋ ಅದಕ್ಕೆ ಉತ್ತರ ಕಣ್ಣೆದುರು ಸಿಕ್ಕಿತ್ತು. ಸಿಕ್ಕ ಗಳಿಗೆಯಲ್ಲೇ ಆ ಪ್ರಶ್ನೆಯನ್ನು ಕೇಳಬಾರದು ಎಂದು ಅಪ್ಪಣೆಯಾಯಿತು.

ಇಳಿಯುವಾಗ ಮೇಷ್ಟ್ರು ಹಿಂದೆ ಉಳಿದು ನನ್ನ ಜೊತೆ ನಡೆದರು. “ಸಂದಿ ಇದೆ ಅಲ್ವಾ ಅಮ್ಮಾ?” ಎಂದು ಮೆಲ್ಲಗೆ ಕೇಳಿದರು.

“ಐತೆ.”

“ನಾನು ಹೇಳ್ಲಾ ಅವರಿಗೆ? ಓದಿದೋನು ಹೇಳಿದ್ರೆ ಕೇಳಬೋದು.”

ಮುಂದೆ ಹುಡುಗನ ಅಪ್ಪ ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿದ್ದ. ಆ ಕೈ ಅಲ್ಲಿಂದ ಇಳಿಯುವುದು ನನಗೆ ಬೇಕಿರಲಿಲ್ಲ.

“ಹೇಳಬ್ಯಾಡ್ರಿ” ಎಂದೆ. “ಮೊದ್ಲು ಮದುವೆ ಆಗ್ಲಿ.”

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಇದ್ದಳು. ಏನಾಯಿತು ಎಂದು ಕೇಳಲಿಲ್ಲ. ಬಿಂದಿಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. “ನಾನು ಹೇಳಿರ್ಲಿಲ್ವಾ?” ಎಂದು ತಗ್ಗಿನ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಮಂಡಿಗೆ ಅರಿಶಿನ ಹಚ್ಚಿಕೊಂಡೆ. ಎರಡು ತಿಂಗಳಿಗೆ ಮದುವೆಯಾಯಿತು. ಬಾವಿಯ ಮನೆಗೆ ಹೋದಳು. ಅವಳು ಒಂದು ದಿನವೂ ಮಂದೆಯ ಹಿಂದೆ ನಡೆದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಮುಗಿಯಲಿಲ್ಲ.

ಯಜಮಾನ ಆ ಕಥೆಯನ್ನು ಊರೂರಿಗೆ ಹಂಚಿದ. ಸೋಮವಾರ ನಮ್ಮವರು, ಶುಕ್ರವಾರ ಆ ಕಡೆಯವರು ಬಿಂದಿಗೆಗಟ್ಟಲೆ ನೀರು ತಂದು ಹಿರಿಯನಿಗೆ ಕುಡಿಸತೊಡಗಿದರು. ಬುಡದ ಮಣ್ಣು ಕರಗುತ್ತದೆ, ಕಲ್ಲು ವಾಲುತ್ತದೆ ಎಂದು ನಾನು ಗಂಡನಿಗೆ ಹೇಳಿದೆ. ಬಚ್ಚಲಿನ ಸಂದಿಯ ವಿಷಯ ಹೇಳಿದಾಗ ಹೇಗೆ ಕೇಳಿದನೋ ಹಾಗೇ ಕೇಳಿದ. ಮೂರು ವರ್ಷಕ್ಕೆ ಒಂದು ಕಲ್ಲು ಇನ್ನೊಂದರ ಮೇಲೆ ಒರಗಿತು. ತಲೆಗೆ ತಲೆ ಕೂಡಿಕೊಂಡು ಸಂದಿ ಮುಚ್ಚಿಹೋಯಿತು. ಸಾಲುಗಲ್ಲಿನಿಂದ ನೋಡಿದರೂ ವಾಲಿದ್ದು ಗೊತ್ತಾಗುತ್ತಿತ್ತು.

ಅದೇ ವರ್ಷ ನನ್ನ ಮೈದುನನ ಮಗಳಿಗೆ ಮೂಡಣದ ಕಡೆಯ ಇನ್ನೊಂದು ಮನೆಯಿಂದ ಸಂಬಂಧ ಬಂತು. ಆ ಹುಡುಗಿ ಆ ಹುಡುಗನನ್ನು ನನ್ನ ಮಗಳ ಮನೆಯಲ್ಲಿ ನೋಡಿದ್ದಳು, ಮೆಚ್ಚಿದ್ದಳು. ನನ್ನ ಮಗಳನ್ನು ಕೊಟ್ಟಾಗಿದೆಯಲ್ಲ ಎಂದರೆ ಯಜಮಾನ ಒಪ್ಪಲಿಲ್ಲ. ಆ ಜೋಡಿಗೆ ಹಿರಿಯ ಒಪ್ಪಿದ, ಈ ಜೋಡಿಗೆ ಬೇರೆಯಾಗಿ ಕೇಳಬೇಕು ಎಂದ. ಬಿಂದಿಗೆ ಹೊತ್ತುಕೊಂಡು ಹೋದರು. ನೀರು ನೆತ್ತಿಯಿಂದ ಎರಡೂ ಮುಖಕ್ಕೆ ಸರಸರ ಇಳಿಯಿತು. ಹಿರಿಯ ಕುಡಿಯಲಿಲ್ಲ. ಸಂಬಂಧ ಮುರಿಯಿತು.

ಅವತ್ತು ನಾನು ಯಜಮಾನನ ಮನೆಯ ಕಟ್ಟೆಗೆ ಹೋಗಿ, ನಿಂತು, ಎಲ್ಲವನ್ನೂ ಹೇಳಿದೆ. ಸಂದಿ ಹೇಳಿದೆ, ಬಚ್ಚಲು ಹೇಳಿದೆ, ಒರಗಿದ ಕಲ್ಲು ಹೇಳಿದೆ.

“ನಿನ್ನ ಮಗಳ ಮದುವೆ ಹೊತ್ತಿಗೆ ದೇವ್ರಾಗಿದ್ದ, ಈಗ ಸಂದಿಯಾದ್ನಾ?” ಎಂದ. ಕಟ್ಟೆಯ ಮೇಲಿದ್ದವರು ನಕ್ಕರು. ಮೇಷ್ಟ್ರನ್ನು ಕರೆಸೋಣವೆಂದರೆ ಅವರಿಗೆ ಅಷ್ಟರಲ್ಲಿ ದೂರದ ಊರಿಗೆ ವರ್ಗವಾಗಿತ್ತು.

ಆ ಹುಡುಗಿಯನ್ನು ಹೊಳಲ್ಕೆರೆಯ ಕಡೆ ಒಂದು ಮನೆಗೆ ಕೊಟ್ಟರು. ಕುರಿಯ ಮನೆ. ಆರು ತಿಂಗಳು ಊರಲ್ಲಿ, ಆರು ತಿಂಗಳು ಬಯಲಲ್ಲಿ. ಒಂದು ಸಲ ಬೆನ್ನಿಗೆ ಕೂಸು ಕಟ್ಟಿಕೊಂಡು ತವರಿಗೆ ಬಂದವಳು ನನ್ನ ಹಿತ್ತಿಲಿಗೆ ಬಂದು ನಿಂತಳು.

“ದೊಡ್ಡಮ್ಮ, ಎರಡು ಕಲ್ಲು ಅಂತ ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಅವತ್ತೇ ಯಾಕೆ ಒತ್ತಿ ಹೇಳ್ಲಿಲ್ಲ?”

“ನನ್ನ ಮಗಳ ಮದುವೆ ಆಗ್ಬೇಕಿತ್ತು.”

ಕೂಸು ಜಾರಿತ್ತು, ಎತ್ತಿ ಕಟ್ಟಿಕೊಂಡಳು. ಕುಡಿಯಲು ನೀರು ಬೇಕಾ ಎಂದು ಕೇಳಿದೆ. ಬೇಡ ಎಂದು ಹೊರಟುಹೋದಳು.

ಈಗ ಆ ಕಾಡಿಗೆ ಪೇಟೆಯ ಜನ ನಡೆಯಲು ಬರುತ್ತಾರಂತೆ. ಹಳೆಯ ದಾರಿ, ಹಳೆಯ ಕಲ್ಲುಗಳನ್ನೆಲ್ಲ ನೋಡುತ್ತಾರಂತೆ. ಬೇಲಿಯ ಹತ್ತಿರ ಅವರಿಗೆ ದೇವರು ನೀರು ಕುಡಿದ ಕಥೆ ಹೇಳುತ್ತಾರೆ ಎಂದು ಮೊಮ್ಮಗಳು ಹೇಳಿದಳು. ಅದಕ್ಕೇ ಇದನ್ನು ಅವಳ ಕೈಯಲ್ಲಿ ಬರೆಸಿದೆ. ಅಲ್ಲಿರುವುದು ಎರಡು ಕಲ್ಲು. ಒಂದು ಇನ್ನೊಂದರ ಮೇಲೆ ಬಿದ್ದಿದೆ. ನೀರು ಹೊತ್ತು ತಂದವಳು ನಾನು.